ಹದಿನಾಲ್ಕು ಜನ, ತಲೆಗೆ ಐವತ್ತು

ಒಂದು ಕೆಜಿ ಬಾಳೆಹಣ್ಣಿಗೆ ಐದು ರೂಪಾಯಿ. ಹನ್ನೆರಡು ಕೆಜಿಗೆ ಎಷ್ಟು? ಅರವತ್ತು.

ನೀವೇ ಒಂದು ಲೆಕ್ಕ ಹುಟ್ಟಿಸಿ ನೀವೇ ಬಿಡಿಸಿ ಅಂತ ಹೇಳಿದ್ದಕ್ಕೆ ಸಿದ್ದು ಬರೆದದ್ದು ಇದು. ಗುಣಾಕಾರ ಸರಿಯಾಗಿತ್ತು. ಪಕ್ಕದಲ್ಲಿದ್ದ ನಾಗ ಬರೆದದ್ದು: ಒಂದು ಸೋಪಿಗೆ ಮುನ್ನೂರು, ನಾಲ್ಕಕ್ಕೆ ಸಾವಿರದ ಇನ್ನೂರು. ಅದೂ ಸರಿ. ನನಗೆ ನಗು ತಡೆಯಲಾಗಲಿಲ್ಲ. ತಲೆ ಎತ್ತಿ ನೋಡಿದರೆ ನಗುತ್ತಿದ್ದವನು ನಾನೊಬ್ಬನೇ.

"ಏನಣ್ಣ, ತಪ್ಪಾ?"

"ಸೋಪು ಮುನ್ನೂರು ರೂಪಾಯಾ?"

"ಗೊತ್ತಿಲ್ಲ ಕಣಣ್ಣ. ತಿಂಗಳಿಗೊಂದು ಕೊಡ್ತಾರೆ."

ಮೈಸೂರಿನ ಹೊರಗೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿರುವ, ಆಸರೆಯಿಲ್ಲದ ಹುಡುಗರನ್ನು ಇಟ್ಟು ಸಾಕುವ ಒಂದು ಮಕ್ಕಳ ಮನೆಯ ಮಾತು ಇದು. ಯಾವ ಊರು, ಯಾವ ಸಂಸ್ಥೆ ಅಂತ ಹೇಳುವುದಿಲ್ಲ. ಹುಡುಗರ ಹೆಸರುಗಳನ್ನೂ ಬದಲಿಸಿದ್ದೇನೆ. ಇಂಥ ಮಕ್ಕಳ ಗುರುತು ಹೊರಗೆ ಬಿಡಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ನನಗೆ ಅದು ಗೊತ್ತಾದದ್ದು ಪುಸ್ತಕ ಓದಿ ಅಲ್ಲ. ಹೋಗಲು ಶುರುಮಾಡಿದ ಎರಡನೇ ವಾರ ಹುಡುಗರ ಜೊತೆ ತೆಗೆಸಿಕೊಂಡ ಫೋಟೊವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದೆ. ರಾತ್ರಿ ಹತ್ತಕ್ಕೆ ಅಧೀಕ್ಷಕಿ ಮೇಡಂ ಫೋನು ಮಾಡಿದರು. "ಮೊದಲು ತೆಗೀರಿ, ಆಮೇಲೆ ಮಾತಾಡೋಣ. ಆ ಮೂಲೇಲಿ ನಿಂತಿರೋ ಹುಡುಗ ಯಾರಿಂದ ತಪ್ಪಿಸಿಕೊಂಡು ಬಂದು ಇಲ್ಲಿದಾನೆ ಅಂತ ನಿಮಗೆ ಗೊತ್ತಾ?" ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ, ಕೇಳುವುದೂ ಇಲ್ಲ. ಅಷ್ಟು ಹೊತ್ತಿಗೆ ಅದನ್ನು ನಲವತ್ತು ಜನ ನೋಡಿಯಾಗಿತ್ತು, ಆರು ಜನ ಕೈಮುಗಿದಿದ್ದರು.

ಅಲ್ಲಿಗೆ ನಾನು ಹೋದದ್ದಾದರೂ ಸಮಾಜಸೇವೆಯ ಹುಮ್ಮಸ್ಸಿನಿಂದಲ್ಲ. ಅಮ್ಮನ ತಿಥಿಗೆ ಮಕ್ಕಳಿಗೆ ಊಟ ಹಾಕಿಸೋಣ ಅಂತ ಅಕ್ಕ ಹೇಳಿದ್ದಳು. ಆಫೀಸಿನ ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿದ್ದರು. ಒಂದೊಂದು ತಾರೀಖಿನ ಮೇಲೂ ಒಂದೊಂದು ಹೆಸರು: ಹುಟ್ಟುಹಬ್ಬ, ವೈಕುಂಠ ಸಮಾರಾಧನೆ, ಗೃಹಪ್ರವೇಶ. ಭಾನುವಾರಗಳಂತೂ ಮೂರು ತಿಂಗಳು ಮುಂಗಡ ಭರ್ತಿ. ಮೇಡಂ ಕನ್ನಡಕ ಏರಿಸಿ ಹೇಳಿದರು: "ಪಾಯಸ ಹಾಕೋರು ಬೇಕಾದಷ್ಟು ಜನ ಇದ್ದಾರೆ ಸಾರ್. ಅಕೌಂಟ್ಸಲ್ಲಿ ಇದೀರಿ ಅಂತೀರಿ. ಭಾನುವಾರ ಎರಡು ಗಂಟೆ ಬಂದು ಲೆಕ್ಕ ಹೇಳಿಕೊಡಿ." ಪೊಲೀಸ್ ವೆರಿಫಿಕೇಶನ್ ಆಗಿ ಬರುವ ಹೊತ್ತಿಗೆ ತಿಥಿಯೂ ಮುಗಿದಿತ್ತು, ಊಟವೂ ಮುಗಿದಿತ್ತು. ಲೆಕ್ಕದ ಮೇಷ್ಟರ ಕೆಲಸ ಮಾತ್ರ ಉಳಿಯಿತು.

ಆ ಮುನ್ನೂರು ರೂಪಾಯಿ ಸೋಪು ನನ್ನನ್ನು ವಾರವಿಡೀ ಬಿಡಲಿಲ್ಲ. ನಮ್ಮನೆಯಲ್ಲಿ ನಾನು ಆರು ವರ್ಷದವನಿದ್ದಾಗಲೇ ಕೊತ್ತಂಬರಿ ಸೊಪ್ಪು ತರಲು ಓಡುತ್ತಿದ್ದೆ. ಚಿಲ್ಲರೆ ನುಂಗಿ ಪೆಪ್ಪರಮೆಂಟು ತಿಂದು ಏಟೂ ತಿಂದಿದ್ದೆ. ಈ ಹುಡುಗರಿಗೆ ಬಟ್ಟೆ ಬರುತ್ತದೆ, ಪುಸ್ತಕ ಬರುತ್ತದೆ, ಕೇಕು ಬೇಡವೆನ್ನುವಷ್ಟು ಬರುತ್ತದೆ. ಅಂಗಡಿಯವನ ಎದುರು ನಿಂತು ದುಡ್ಡು ಎಣಿಸುವ ಪ್ರಸಂಗವೊಂದೇ ಬರುವುದಿಲ್ಲ. ಹತ್ತು ಹನ್ನೊಂದು ವರ್ಷದವರೆಲ್ಲ ಮಗ್ಗಿ ಗಡಗಡ ಹೇಳುತ್ತಾರೆ. ಟೊಮೆಟೊ ಏನು ರೇಟು ಅಂದರೆ ಆಕಾಶ ನೋಡುತ್ತಾರೆ.

ಹೊರಗೆ ಕರೆದುಕೊಂಡು ಹೋಗ್ತೀನಿ ಅಂದಾಗ ಮೇಡಂಗೆ ಹೊಳೆದದ್ದು ಝೂ. ಎಲ್ಲರಿಗೂ ಅದೇ ಹೊಳೆಯುತ್ತದೆ. ಮೈಸೂರಿನಲ್ಲಿ 1892ರಿಂದ ಝೂ ಇದೆ, ದಾನಿಗಳಿಗೆ ಅದೇ ಸುಲಭ. ಹುಡುಗರನ್ನು ಕೇಳಿದೆ. "ಝೂನಾ? ಮೂರ್ ಸಲ ಆಗೈತೆ," ಅಂದ ಕುಮಾರ. "ಜಿರಾಫೆ ತಾವ ಒಂದ್ ಫೋಟೊ, ಗೇಟ್ ತಾವ ಬ್ಯಾನರ್ ಹಿಡ್ಕಂಡ್ ಒಂದ್ ಫೋಟೊ, ಆಮೇಲೆ ಪುಳಿಯೋಗರೆ." ಹದಿಮೂರು ವರ್ಷದ ಹುಡುಗ ವರದಿ ಒಪ್ಪಿಸುವ ಹಾಗೆ ಹೇಳಿದ.

"ದೇವರಾಜ ಮಾರ್ಕೆಟ್?" ಅಂದೆ.

"ಅಲ್ಲೇನೈತೆ?"

"ಅಂಗಡಿ."

ಯಾರೂ ಕುಣಿದಾಡಲಿಲ್ಲ. ತಲೆಗೆ ಐವತ್ತು ರೂಪಾಯಿ ಕೊಡ್ತೀನಿ, ಏನು ಬೇಕಾದರೂ ಕೊಳ್ಳಬಹುದು, ನಾನು ಬಾಯಿ ಹಾಕೋದಿಲ್ಲ ಅಂದ ಮೇಲೆ ಸದ್ದು ನಿಂತಿತು. ಮೇಡಂ ಒಪ್ಪಲು ಎರಡು ವಾರ ಹಿಡಿಯಿತು. ಅನುಮತಿ ಪತ್ರ, ಹೆಸರಿನ ಪಟ್ಟಿ, ಜೊತೆಗೆ ಇಬ್ಬರು ಗೃಹಪಾಲಕರು, ಅಡುಗೆಯ ಜಯಮ್ಮ, ವಾಪಸು ಬಂದ ಮೇಲೆ ಮುಟ್ಟಿಸಬೇಕಾದ ಖರ್ಚಿನ ಲೆಕ್ಕ. "ಬಿಲ್ ತನ್ನಿ," ಅಂದರು. ಹೂವಿನವಳ ಹತ್ತಿರ ಬಿಲ್ ಎಲ್ಲಿಂದ ತರಲಿ ಅನ್ನುವುದನ್ನು ನಾನು ಆಗ ಎತ್ತಲಿಲ್ಲ.

2024ರ ಜನವರಿ, ಮೊದಲ ಭಾನುವಾರ. ಬಸ್ಸು ಹತ್ತಿದ ಕೂಡಲೇ ಮೊದಲ ತಕರಾರು. ಹಿಂದಿನ ವರ್ಷ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಲ್ಲವೇ, ಜಯಮ್ಮ ಆಧಾರ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ತಗೊಂಡು ಕಿಟಕಿ ಪಕ್ಕ ಕೂತರು. ನಾನು ಉಳಿದವರಿಗೆಲ್ಲ ಅರ್ಧ, ಪೂರ್ತಿ ಅಂತ ಎಣಿಸುತ್ತಿದ್ದೆ. ಸಿದ್ದು ಕಂಡಕ್ಟರನ್ನೇ ಕೇಳಿದ: "ನಮ್ಗ್ಯಾಕಿಲ್ಲ ಫ್ರೀ?" ಕಂಡಕ್ಟರ್ ಟಿಕೆಟ್ ಹರಿಯುತ್ತಲೇ, "ನಂಗೂ ಇಲ್ಲ ಕಣಪ್ಪ," ಅಂದ. ಕುಮಾರನಿಗೆ ಹನ್ನೆರಡು ದಾಟಿದ್ದರಿಂದ ಪೂರ್ತಿ ಟಿಕೆಟ್ ಬಿತ್ತು. ಅದನ್ನು ಅವನು ಜೇಬಿನ ಮೇಲೆ ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡ.

ಸಂಕ್ರಾಂತಿಗೆ ಒಂದು ವಾರ. ಚಿಕ್ಕ ಗಡಿಯಾರದ ಹತ್ತಿರ ಬಂದರೆ ಕಬ್ಬಿನ ಜಲ್ಲೆ, ಎಳ್ಳು-ಬೆಲ್ಲ, ಸಕ್ಕರೆ ಅಚ್ಚು, ರಾಶಿ ರಾಶಿ ಅವರೆಕಾಯಿ. ಒಳಗೆ ಕುಂಕುಮದ ಗೋಪುರಗಳು, ಬಾಳೆಗೊನೆಗಳ ಸಾಲು, ಹೂವಿನ ಕಡೆಯಿಂದ ಒದ್ದೆ ಗೋಣಿಯ ವಾಸನೆ. ಇಬ್ಬಿಬ್ಬರನ್ನು ಜೋಡಿ ಮಾಡಿ, ಕೈಗೆ ಐವತ್ತರ ನೋಟು ಕೊಟ್ಟು, ಒಂದು ಗಂಟೆ ಟೈಮು ಅಂದೆ. ಗೃಹಪಾಲಕರು ಎರಡು ಕಡೆಯ ಬಾಗಿಲಲ್ಲಿ ನಿಂತರು. ಮೊದಲ ಹತ್ತು ನಿಮಿಷ ಒಬ್ಬನೂ ಅಲುಗಾಡಲಿಲ್ಲ. ನೋಟನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು, ಸಾಲಾಗಿ ನಿಲ್ಲಿ ಅಂತ ಯಾರಾದರೂ ಹೇಳಬೇಕು ಅನ್ನುವಂತೆ.

ಮೊದಲು ಖರ್ಚು ಮಾಡಿದವನು ಕುಮಾರ. ಒಂದು ಬೀಗ. ಪುಟ್ಟದು, ಎರಡು ಕೀಲಿಯದು. ಐವತ್ತು ಹೇಳಿದ್ದನ್ನು ನಲವತ್ತಕ್ಕೆ ಇಳಿಸಿದ. ಚೌಕಾಸಿ ಯಾರು ಕಲಿಸಿದರೋ. ಅವನ ಟ್ರಂಕಿನೊಳಗೆ ಏನಿದೆ ಅಂತ ನನಗೆ ಗೊತ್ತು: ಎರಡು ಜೊತೆ ಬಟ್ಟೆ, ಒಂದು ಜಾಮಿಟ್ರಿ ಬಾಕ್ಸು. ಬೀಗದ ಕಿಮ್ಮತ್ತು ಒಳಗಿನ ಸಾಮಾನಿಗಿಂತ ಹೆಚ್ಚೇ ಇರಬೇಕು. ಬಾಯಿ ಹಾಕುವುದಿಲ್ಲ ಅಂದಿದ್ದೆನಲ್ಲ, ಸುಮ್ಮನಿದ್ದೆ. ಒಂದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ, ಇನ್ನೊಂದನ್ನು ಎಲ್ಲಿಟ್ಟ ಅಂತ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ನಾಗನ ತಂಗಿ ಊರೊಳಗಿನ ಹೆಣ್ಣುಮಕ್ಕಳ ಮನೆಯಲ್ಲಿದ್ದಾಳೆ. ಗಂಡು, ಹೆಣ್ಣಿಗೆ ಬೇರೆ ಬೇರೆ ಮನೆ, ಹಾಗಾಗಿ ಒಡಹುಟ್ಟಿದವರು ಬೇರೆಯಾಗಿಬಿಡುತ್ತಾರೆ. ಅವನು ಬಳೆಯಂಗಡಿ ಮುಂದೆ ನಿಂತ. "ಅಳತೆ ಏನಪ್ಪ?" ಅಂದರು ಬಳೆಯವರು. ಅವನಿಗೇನು ಗೊತ್ತು? "ನಂಗಿಂತ ಎರಡ್ ವರ್ಷ ಚಿಕ್ಕೋಳು," ಅಂದ. ಅವರು ಅವನ ಕೈಯನ್ನೇ ಹಿಡಿದು, ಬೆರಳು ಮಡಿಸಿ, ಒಂದೊಂದೇ ಬಳೆ ಏರಿಸಿ ನೋಡತೊಡಗಿದರು. ಕೆಂಪು, ಹಸಿರು, ಮತ್ತೆ ಕೆಂಪು. ಜೊತೆಯವರು ಕಿಸಕಿಸ ನಕ್ಕರು. ನಾಗ ಮಣಿಕಟ್ಟು ಅಲ್ಲಾಡಿಸಿ ಸದ್ದು ಕೇಳಿ, "ಇದಕ್ಕಿಂತ ಒಂಚೂರು ಚಿಕ್ಕದು," ಅಂದ. ನಗುವವರ ಕಡೆ ತಿರುಗಿಯೂ ನೋಡಲಿಲ್ಲ.

ಮೂವರು ಸೇರಿ ದುಡ್ಡು ಹಾಕಿ ಚೆಂಡು ಕೊಂಡರು. ಅದು ಯಾರ ಟ್ರಂಕಿನಲ್ಲಿರಬೇಕು ಅನ್ನುವ ಜಗಳ ಅಲ್ಲೇ ಶುರುವಾಗಿ ನನ್ನ ಪ್ರಕಾರ ಇನ್ನೂ ಮುಗಿದಿಲ್ಲ. ಒಬ್ಬ ರಂಗೋಲಿ ಬಣ್ಣ ಕೊಂಡ, ನೀಲಿ ಮಾತ್ರ. ಉಳಿದವರದು ಬಹುಪಾಲು ತಿಂಡಿಗೇ ಹೋಯಿತು, ಹೇಳುವಂಥದ್ದೇನಿಲ್ಲ.

ಹೇಳಬೇಕಾದ್ದು ಎಂಟು ವರ್ಷದ ಪುಟ್ಟಸ್ವಾಮಿಯದು. ಜಯಮ್ಮನಿಗೆ ಅಂತ ಒಂದು ಮೊಳ ಮಲ್ಲಿಗೆ ಕೇಳಿದ. ಹೂವಿನ ಅಜ್ಜಿ ಅವನನ್ನೂ, ಹಿಂದೆ ನಿಂತ ಒಂದೇ ಥರದ ಸ್ವೆಟರಿನ ಹುಡುಗರನ್ನೂ ನೋಡಿದರು. ಎಲ್ಲಿಂದ ಬಂದವರು ಅಂತ ತಿಳಿಯಲು ಸ್ವೆಟರು ಸಾಕು. ಎರಡು ಮೊಳ ಅಳೆದು ಬಾಳೆಲೆಯಲ್ಲಿ ಸುತ್ತಿ, "ದುಡ್ಡು ಬ್ಯಾಡ ಕಣ್ ಮಗ, ತಗಂಡೋಗು," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಇವನ ಮುಖ ಕೆಂಪಾಯಿತು. "ನನ್ ತಾವ ದುಡ್ಡೈತೆ," ಅಂದ. ಅಜ್ಜಿ ಮತ್ತೆ ಬೇಡವೆಂದರು. ಅವನು ಜೋರಾಗಿ, ಅಕ್ಕಪಕ್ಕದ ನಾಲ್ಕು ಅಂಗಡಿಗೆ ಕೇಳುವ ಹಾಗೆ, "ದುಡ್ಡೈತೆ ಅಂದ್ನಲ್ಲ!" ಅಂತ ನೋಟನ್ನು ಹೂವಿನ ಬುಟ್ಟಿಯೊಳಗೆ ಎಸೆದ. ಕಣ್ಣಲ್ಲಿ ನೀರು. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು, ನೋಟು ಎತ್ತಿ ಕಣ್ಣಿಗೊತ್ತಿಕೊಂಡು ಸೆರಗಿನ ಗಂಟಿಗೆ ಸೇರಿಸಿದರು. ಬಾಳೆಲೆ ಬಿಚ್ಚಿ ಒಂದು ಮೊಳ ಕತ್ತರಿಸಿ ವಾಪಸು ಇಟ್ಟುಕೊಂಡರು. ಚಿಲ್ಲರೆಯನ್ನು ಅವನ ಅಂಗೈಯಲ್ಲಿ ಒಂದೊಂದಾಗಿ ಎಣಿಸಿ ಇಟ್ಟರು. "ಸರಿಯಾಗೈತಾ ನೋಡ್ಕೊ ಯಜಮಾನ," ಅಂದರು. ಅವನು ಎರಡು ಸಲ ಎಣಿಸಿದ. ಅಷ್ಟು ವ್ಯಾಪಾರ ಬಲ್ಲ ಹೆಂಗಸನ್ನು ನಾನು ನೋಡಿಲ್ಲ.

ಸಿದ್ದು ಏನೂ ಕೊಂಡಿರಲಿಲ್ಲ. ಒಂದು ಗಂಟೆಯೂ ಅವನು ಮಾಡಿದ್ದು ರೇಟು ಕೇಳುವುದು. ಬದನೆಕಾಯಿ ಎಷ್ಟು, ವೀಳ್ಯದೆಲೆ ಎಷ್ಟು, ಹಿತ್ತಾಳೆ ಚೊಂಬು ಎಷ್ಟು, ಊದುಬತ್ತಿ ಎಷ್ಟು. ಒಬ್ಬ ಅಂಗಡಿಯವನು ರೇಗಿ, "ತಗಳದೇ ಇದ್ಮೇಲೆ ಯಾಕ್ಲಾ ಕೇಳೀಯೆ?" ಅಂದನಂತೆ. ಕೊನೆಗೆ ಐದು ನಿಮಿಷ ಉಳಿದಾಗ ಕಾಲು ಕೆಜಿ ಬಾಳೆಹಣ್ಣು ತೂಗಿಸಿಕೊಂಡು ಬಂದು, ನನ್ನನ್ನು ಗುರಾಯಿಸಿ, "ಕೆಜಿಗೆ ಐದ್ ರೂಪಾಯಂತೆ, ಐದ್ ರೂಪಾಯಿ!" ಅಂದ, ಆ ಲೆಕ್ಕ ಬರೆದವನು ನಾನೇ ಅನ್ನುವಂತೆ.

ವಾಪಸು ಬರುವಾಗ ಗ್ರಾಮಾಂತರ ಬಸ್ ನಿಲ್ದಾಣ. ಅಲ್ಲಿ ತಲೆ ಎಣಿಸಿದೆ. ಹದಿಮೂರು. ಮತ್ತೆ ಎಣಿಸಿದೆ. ಹದಿಮೂರು. ಆ ಎರಡನೇ ಎಣಿಕೆಯಾದ ಮೇಲೆ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಬರೆಯಲು ನನಗೆ ಬರುವುದಿಲ್ಲ. ಮಾದೇಶ ಇಲ್ಲ. ಹತ್ತು ವರ್ಷ, ಮಾತು ಕಡಿಮೆ, ಮನೆಗೆ ಬಂದಾಗ ಅಕ್ಷರ ಬರುತ್ತಿರಲಿಲ್ಲ. ಎರಡು ವರ್ಷದಲ್ಲಿ ಕಲಿತಿದ್ದ.

ಜಯಮ್ಮ ಹುಡುಗರನ್ನೆಲ್ಲ ಒಂದು ಕಂಬಕ್ಕೆ ಒರಗಿಸಿ ಕೂರಿಸಿದರು. ನಾವು ಮೂವರು ಒಂದೊಂದು ದಿಕ್ಕಿಗೆ ಓಡಿದೆವು. ಮೂರೋ ನಾಲ್ಕೋ ಅಂಕಣ ದಾಟಿದ ಮೇಲೆ ಸಿಕ್ಕ. ಗುಂಡ್ಲುಪೇಟೆ ಬೋರ್ಡಿನ ಬಸ್ಸಿನ ಬಾಗಿಲ ಕೆಳಗೆ ನಿಂತು ಕಂಡಕ್ಟರ್ ಜೊತೆ ಮಾತಾಡುತ್ತಿದ್ದ. ಕೈಯಲ್ಲಿ ಐವತ್ತರ ನೋಟು ಹಾಗೇ, ನಾಲ್ಕು ಮಡಿಕೆಯಾಗಿ. ಬೈಯಬೇಕು ಅಂತಲೇ ಹೋದೆ. ಅವನೇ ಮೊದಲು, ನನ್ನನ್ನು ಕಾಯುತ್ತಿದ್ದವನಂತೆ ಹೇಳಿದ: "ಬೋರ್ಡ್ ಓದ್ದೆ ಅಣ್ಣ. ಅರ್ಧ ಟಿಕೆಟ್ ಎಷ್ಟು ಅಂತ ಕೇಳ್ದೆ ಅಷ್ಟೆ. ಐವತ್ರೊಳಗೇ ಆಯ್ತದಂತೆ." ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಹುಡುಗನಾ?" ಅಂದರು. ಹೌದು ಅಂದೆ. ಬೇರೇನು ಹೇಳುವುದು?

ಮಾದೇಶ ಹತ್ತಲಿಲ್ಲ, ಅಳಲೂ ಇಲ್ಲ. ನನ್ನ ಜೊತೆ ನಡೆದು ಬಂದ. ನಮ್ಮ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ನಿದ್ದೆ ಹೋದ. ನನಗೆ ಮಾತ್ರ ಕೈ ನಡುಕ ನಿಂತಿರಲಿಲ್ಲ. ನಡೆದದ್ದನ್ನು ಮುಚ್ಚಿಡದೆ ಮೇಡಂಗೆ ಹೇಳಿದೆ. ಅವರು ನನಗೆ ಬೈದರು, ಬೈಯಬೇಕಾದ್ದೇ. ಬಸ್‌ಸ್ಟ್ಯಾಂಡಿನಲ್ಲಿ ಜೋಡಿ ಬಿಡಿಸಿದ್ದು ನಾನೇ. ಆಮೇಲೆ ಫೈಲು ತೆರೆದು ಏನೋ ಬರೆದುಕೊಂಡು, "ಊರಿನ ಹೆಸರು ಹೇಳಿದ್ನಾ? ಇಷ್ಟು ದಿನ ಕೇಳಿದ್ರೂ ಬಾಯಿ ಬಿಟ್ಟಿರಲಿಲ್ಲ," ಅಂದರು.

ಮಾರ್ಚ್‌ನ ಒಂದು ಭಾನುವಾರ ಹೋದರೆ ಮಾದೇಶನ ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು. ಬುಧವಾರ ಸೋದರತ್ತೆ ಬಂದಿದ್ದರಂತೆ. ಮಕ್ಕಳ ಕಲ್ಯಾಣ ಸಮಿತಿಯ ಆದೇಶವಾಗಿ ಕಳಿಸಿದರಂತೆ. ವಾರಕ್ಕೊಮ್ಮೆ ಬರುವವನಿಗೆ ಮುಂಚೆ ತಿಳಿಸುವ ಪದ್ಧತಿ ಇಲ್ಲ, ಇರಬೇಕಾದ್ದೂ ಇಲ್ಲ ಅನ್ನಿ. ಮಕ್ಕಳು ದುಡ್ಡು ಇಟ್ಟುಕೊಳ್ಳುವ ಹಾಗಿಲ್ಲವಾದ್ದರಿಂದ ಅವನ ಐವತ್ತು ಆಫೀಸಿನ ಲಕೋಟೆಯಲ್ಲಿತ್ತು. ಅದನ್ನು ನೆನಪಿಟ್ಟು ಕೇಳಿ ಇಸಕೊಂಡು ಹೋದ ಅಂತ ಜಯಮ್ಮ ಹೇಳಿದರು. ನನಗೇನಾದರೂ ಹೇಳಿದನಾ ಅಂತ ಕೇಳಿದೆ. "ಇಲ್ಲ ಸಾರ್, ಅವ್ನಿಗೆ ಅವತ್ತು ಅರ್ಜೆಂಟು."

ಅವತ್ತು ಪಾಠ ಮಾಡುವ ಮನಸ್ಸಿರಲಿಲ್ಲ. ಯಾವುದೋ ಹಳೇ ಪುಸ್ತಕ ತೆಗೆದು ಬೋರ್ಡಿನ ಮೇಲೆ ಬರೆದೆ: ಒಬ್ಬ ವ್ಯಾಪಾರಿ ಒಂದು ಡಜನ್ ಕಿತ್ತಳೆಯನ್ನು 18 ರೂಪಾಯಿಗೆ ಮಾರಿದರೆ, 7 ಡಜನ್‌ಗೆ ಅವನಿಗೆ ಸಿಗುವ ಹಣ ಎಷ್ಟು? ತಿರುಗಿ ನೋಡಿದರೆ ಒಬ್ಬನೂ ಪೆನ್ಸಿಲ್ ಎತ್ತಿಲ್ಲ. ಸಿದ್ದು ಕೈಕಟ್ಟಿ ಕೂತಿದ್ದಾನೆ.

"ಯಾಕೋ?"

"ಅಷ್ಟಕ್ಕೆ ಯಾರ್ ಕೊಟ್ಟಾರು ಅಣ್ಣ? ಮೊದ್ಲು ರೇಟ್ ಸರಿಮಾಡಿ."