ತೂಕ ಏರುತ್ತಲೇ ಹೋದ ನಾಲ್ಕು ಹನಿ

ಮಂಗಳೂರಿನಲ್ಲಿ ಮಳೆ ಹಿಡಿದು ಎಂಟು ದಿನವಾಯಿತು. ಇಂದು ಬೆಳಿಗ್ಗೆ ಪ್ರಯೋಗಾಲಯದ ತಕ್ಕಡಿಯ ಮೇಲೆ ಅಯಾನಿಕ ದ್ರವದ, ಅಂದರೆ ದ್ರವರೂಪದ ಒಂದು ಉಪ್ಪಿನ, ನಾಲ್ಕು ಹನಿ ಬಿಟ್ಟು, ಗಾಜಿನ ಬಾಗಿಲು ಮುಚ್ಚದೆ ನೋಡುತ್ತ ನಿಂತೆ. ಕೊನೆಯ ಅಂಕಿ ನಿಲ್ಲಲೇ ಇಲ್ಲ, ಏರುತ್ತಲೇ ಹೋಯಿತು. ಗಾಳಿಯ ತೇವವನ್ನೆಲ್ಲ ಆ ಹನಿಗಳು ಕುಡಿಯುತ್ತಿದ್ದವು. ಅಳತೆ ಕೆಟ್ಟಿತು, ನಿಜ. ಆದರೂ ನನಗೆ ಸಂತೋಷವಾಯಿತು. ತಂಪು ಮಾಡುವ ಯಂತ್ರಕ್ಕಾಗಿ ನಾನು ಹುಡುಕುತ್ತಿರುವುದು ಈ ಬಾಯಾರಿಕೆಯನ್ನೇ.

ಗಾಳಿ ತೆಗೆದ ಪಾತ್ರೆಯಲ್ಲಿ ಒತ್ತಡ 0.87 ಕಿಲೋಪ್ಯಾಸ್ಕಲ್‌ಗೆ ಇಳಿದರೆ ನೀರು 5 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ಸುತ್ತಲಿನ ಶಾಖವನ್ನು ಎಳೆದುಕೊಂಡು ತಂಪು ಮಾಡುತ್ತದೆ. ಆ ಆವಿಯನ್ನು ಹೀರಿಕೊಳ್ಳಲು ಪಕ್ಕದಲ್ಲಿ ಇನ್ನೊಂದು ದ್ರವ ಬೇಕು. ಹೀರಿದ ನೀರನ್ನು ಹಬೆಯಿಂದಲೋ ಬಿಸಿಲಿನ ಶಾಖದಿಂದಲೋ ಬಿಡಿಸಿದರೆ ಅದು ಮತ್ತೆ ಕೆಲಸಕ್ಕೆ ಸಿದ್ಧ. ಕಂಪ್ರೆಸರ್ ಬೇಡ. ಈಗ ಇಂಥ ದೊಡ್ಡ ಯಂತ್ರಗಳಲ್ಲಿ ಹೀರುವ ಕೆಲಸ ಹೆಚ್ಚಾಗಿ ಲಿಥಿಯಂ ಬ್ರೋಮೈಡ್ ಎಂಬ ಉಪ್ಪಿನ ದ್ರಾವಣದ್ದು.

ಸಂಶೋಧನೆಗೆ ಬರುವ ಮೊದಲು ಒಂದು ಕಾರ್ಖಾನೆಯಲ್ಲಿ ಅಂಥ ಯಂತ್ರ ನೋಡಿಕೊಳ್ಳುತ್ತಿದ್ದೆ. ಒಂದು ರಾತ್ರಿ ಕರೆಂಟು ಹೋಗಿ ಪಂಪುಗಳು ನಿಂತವು. ಸಾಂದ್ರ ದ್ರಾವಣ ತೆಳುವಾಗಲು ಅವಕಾಶವೇ ಸಿಗದೆ ಶಾಖ ವಿನಿಮಯಕದೊಳಗೆ ತಣಿದು ಹರಳುಗಟ್ಟಿತು. ಪೈಪಿನ ಮೇಲೆ ಅಂಗೈ ಸರಿಸುತ್ತ ಹೋದೆವು: ಇಲ್ಲಿಯವರೆಗೆ ಬಿಸಿ, ಮುಂದಕ್ಕೆ ತಣ್ಣಗೆ. ಕಟ್ಟಿಕೊಂಡದ್ದು ಅಲ್ಲೇ. ಹೊರಗಿನಿಂದ ಹಬೆ ಹಾಯಿಸಿ ಕರಗಿಸುವಷ್ಟರಲ್ಲಿ ಬೆಳಗಾಗಿತ್ತು.

ತಕ್ಕಡಿಯ ಮೇಲಿದ್ದದ್ದು ಈಥೈಲ್ ಮೀಥೈಲ್ ಇಮಿಡಜೋಲಿಯಂ ಡೈಮೀಥೈಲ್ ಫಾಸ್ಫೇಟ್. ಹೆಸರು ಉದ್ದ, ಆದರೆ ಜಾತಿಯಲ್ಲಿ ಉಪ್ಪೇ. ಕೋಣೆಯ ಉಷ್ಣಾಂಶದಲ್ಲಿ ದ್ರವವಾಗಿರುವ ಉಪ್ಪು. ಯಂತ್ರ ಓಡುವ ವ್ಯಾಪ್ತಿಯಲ್ಲಿ ಹರಳುಗಟ್ಟುವುದಿಲ್ಲ. ತಾನು ಆವಿಯಾಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಕಾಯಿಸಿದಾಗ ನೀರಷ್ಟೇ ಮೇಲೇಳುತ್ತದೆ. ಉಕ್ಕಿಗೂ ಬ್ರೋಮೈಡ್‌ನಷ್ಟು ಕಾಟ ಕೊಡುವುದಿಲ್ಲ.

ನನ್ನ ಚಿಂತೆಯೆಲ್ಲ ಅದರ ಸ್ನಿಗ್ಧತೆಯದು, ಅಂದರೆ ಸರಾಗವಾಗಿ ಹರಿಯಲು ಬಿಡದ ಮಂದತನದ್ದು. ನೀರಿಲ್ಲದಾಗ ಸೀಸೆ ಓರೆ ಮಾಡಿದರೆ ಎಳೆಪಾಕದಂತೆ ನಿಧಾನವಾಗಿ ಜಾರುತ್ತದೆ; ಸ್ವಲ್ಪ ನೀರು ಬೆರೆತರೂ ಸಲೀಸಾಗಿ ಹರಿಯತೊಡಗುತ್ತದೆ. ಆದರೆ ಹೀರಿಕೆಗೆ ಬೇಕಾದದ್ದು ನೀರು ಕಡಿಮೆಯಿರುವ ದ್ರಾವಣ. ಕೊಳವೆಗಳ ಮೇಲೆ ಅದು ದಪ್ಪ ಪದರವಾಗಿ ಇಳಿದರೆ ಆವಿ ಒಳಗಿಳಿಯುವುದು ತಡವಾಗುತ್ತದೆ, ಪಂಪಿಗೂ ಹೊರೆ. ಕೊನೆಗೆ ಎಷ್ಟು ನೀರು ಹೀರುತ್ತದೆ ಎಂಬ ಸಮತೋಲನದ ಲೆಕ್ಕವನ್ನಷ್ಟೇ ಮಾಡಿ ಈ ದ್ರವವನ್ನು ಹೊಗಳುವವರು ಸ್ನಿಗ್ಧತೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹನಿಗಳನ್ನು ಒರೆಸಿ, ಹೊಸ ಮಾದರಿಗಳನ್ನು ಬಿಗಿಯಾಗಿ ಮುಚ್ಚಿಟ್ಟಿದ್ದೇನೆ. ನಾಳೆ ಮೊದಲು ಪ್ರತಿಯೊಂದರ ನೀರಿನ ಅಂಶ, ಆಮೇಲೆ 30 ಡಿಗ್ರಿಯಲ್ಲಿ ಸ್ನಿಗ್ಧತೆ. ಈ ಸಲ ಬಾಗಿಲು ಮುಚ್ಚಿಯೇ ತೂಗುತ್ತೇನೆ.