ಗೆರೆ ಮೇಲೆ ಕೂತ ಬಕೆಟ್

ಅಮೆರಿಕದ ಹೈಸ್ಕೂಲ್ ಬೇಸ್‌ಬಾಲ್, ಇಬ್ಬರೇ ಅಂಪೈರ್‌ಗಳು, ನಾನು ಪ್ಲೇಟ್‌ನಲ್ಲಿ, ಅಂದರೆ ಬ್ಯಾಟರ್ ನಿಲ್ಲುವ ಹೋಮ್ ಬೇಸಿನ ಹಿಂದೆ. ಸೆಕೆಂಡ್ ಬೇಸ್‌ನಲ್ಲಿ ರನ್ನರ್. ಬ್ಯಾಟರ್ ಹೊಡೆದದ್ದನ್ನು ಹೆಕ್ಕಿ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್‌ಗಳ ನಡುವಿನ ಫೀಲ್ಡರ್) ಎಸೆದ ಚೆಂಡು ಫಸ್ಟ್ ಬೇಸ್‌ಮನ್ ತಲೆ ಮೇಲಿಂದ ಹಾರಿ, ದಾಟಿದರೆ ಆಟ ನಿಲ್ಲುವ ಡೆಡ್ ಬಾಲ್ ಗೆರೆಯತ್ತ ಜೋರಾಗಿ ಉರುಳಿತು. ಅಲ್ಲಿ ಫೀಲ್ಡಿಂಗ್ ತಂಡದ್ದೇ ಬಾಲ್ ಬಕೆಟ್. ಅದಕ್ಕೆ ಬಡಿದು ಚೆಂಡು ವಾಪಸ್. ಫಸ್ಟ್ ಬೇಸ್‌ಮನ್ ಹೆಕ್ಕಿ ಎಸೆದ, ಸೆಕೆಂಡ್‌ಗೆ ಓಡಿದ ಬ್ಯಾಟರ್ ಔಟ್. ಮೊದಲಿದ್ದ ರನ್ನರ್ ಥರ್ಡ್‌ನಲ್ಲೇ ನಿಂತ. ಎರಡೂ ಕೈ ಅಗಲಿಸಿ ‘ನಥಿಂಗ್’, ಅಂದರೆ ಆಟ ನಡೆಯಲಿ, ಅಂದಿದ್ದು ನಾನೇ. ಬಕೆಟ್ಟನ್ನು ಬೇಲಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ.

ಬ್ಯಾಟಿಂಗ್ ಕೋಚ್ ಬಂದ. ‘ಟೈಮ್’ ಅಂದು ಆಟ ನಿಲ್ಲಿಸಿ, ಪಾರ್ಟ್‌ನರ್ ಅಂಪೈರ್ ಜೊತೆ ಪಕ್ಕಕ್ಕೆ ಹೋದೆ. ಕೇಳಬೇಕಾದದ್ದು ಎರಡೇ: ಬಕೆಟ್ ಗೆರೆಯ ಯಾವ ಕಡೆ ಇತ್ತು, ಅದಿಲ್ಲದಿದ್ದರೆ ಚೆಂಡು ಎಲ್ಲಿಗೆ ಹೋಗುತ್ತಿತ್ತು? ಪೂರ್ತಿ ಆಚೆ ಇದ್ದಿದ್ದರೆ ತಾಗಿದ ಕ್ಷಣವೇ ಚೆಂಡು ಡೆಡ್, ತಕರಾರೇ ಇಲ್ಲ. ಇದೋ, ತಳದ ಅರ್ಧ ಗೆರೆಯಿಂದ ಈಚೆ. ಹೈಸ್ಕೂಲ್ ನಿಯಮದಲ್ಲಿ ಗೆರೆಯೂ ಲೈವ್, ಆಟದೊಳಗೇ. ಅಂದರೆ ಇದು ಲೂಸ್ ಇಕ್ವಿಪ್‌ಮೆಂಟ್, ಮೈದಾನದಲ್ಲಿ ಬಿಟ್ಟ ಸಾಮಾನು. ಆಟಕ್ಕೆ ಅಡ್ಡ ಬಂದರೆ ಔಟ್ ಕೊಡುವುದೋ, ಬೇಸ್ ಕೊಡುವುದೋ, ರನ್ನರ್‌ಗಳನ್ನು ವಾಪಸ್ ಕಳಿಸುವುದೋ ಅಂಪೈರ್ ವಿವೇಚನೆಗೆ ಬಿಟ್ಟದ್ದು. ಆ ವೇಗಕ್ಕೆ ಚೆಂಡು ಗೆರೆ ದಾಟುವುದು ಖಚಿತವಾಗಿತ್ತು. ಇನ್‌ಫೀಲ್ಡರ್‌ನ (ಬೇಸ್‌ಗಳ ಹತ್ತಿರದ ಫೀಲ್ಡರ್‌ನ) ಮೊದಲ ಪ್ಲೇ ಆದ್ದರಿಂದ, ಪಿಚ್ ಮಾಡಿದಾಗ ಇದ್ದ ಜಾಗದಿಂದ ಎರಡು ಬೇಸ್: ರನ್ನರ್‌ಗೆ ಹೋಮ್, ಬ್ಯಾಟರ್‌ಗೆ ಸೆಕೆಂಡ್. ಔಟ್ ರದ್ದು.

ಈಗ ಇನ್ನೊಬ್ಬ ಕೋಚ್‌ನ ಸರದಿ. “ಆಟಕ್ಕೆ ಮೊದಲಿನ ಪ್ಲೇಟ್ ಮೀಟಿಂಗ್‌ಗೆ ಮುಂಚೆ ಬಕೆಟ್ ನೀನೂ ನೋಡಿದ್ದೆಯಲ್ಲ?” ಅಂದ. ನೋಡಿದ್ದೆ. ಬೆನ್ನಿಗೇ ಇನ್ನೊಂದು ಆಟ ಹಾಕಿರುತ್ತಾರಲ್ಲ, ಆ ಗಡಿಬಿಡಿಯಲ್ಲಿ ಸುಮ್ಮನಿದ್ದೆ.

ಅದೇ ಬಕೆಟ್ ಬ್ಯಾಟಿಂಗ್ ತಂಡದ್ದಾಗಿದ್ದು, ಫೀಲ್ಡರ್ ಚೆಂಡು ಹಿಡಿಯುವುದನ್ನು ತಪ್ಪಿಸಿದ್ದರೆ ತೀರ್ಪು ಉಲ್ಟಾ, ಔಟೇ ಕೊಡಬಹುದಿತ್ತು. ಯಾವ ನಿಯಮ ಪುಸ್ತಕದಲ್ಲಿ ಆಡಿಸುತ್ತಿದ್ದೇವೆ ಅನ್ನುವುದೂ ಮುಖ್ಯ. ವೃತ್ತಿಪರ ಪುಸ್ತಕದ 3.10(ಎ) ಮೈದಾನದಲ್ಲಿ ಸಾಮಾನು ಬಿಡಬೇಡಿ ಅನ್ನುತ್ತದೆ, ದಂಡ ಏನೆಂದು ಅಲ್ಲೇ ಹೇಳುವುದಿಲ್ಲ. ಫೀಲ್ಡರ್‌ಗಳು ಗ್ಲೌವ್ಸನ್ನು ಹುಲ್ಲಿನ ಮೇಲೇ ಎಸೆದು ಬ್ಯಾಟಿಂಗ್‌ಗೆ ಹೋಗುವ ಪದ್ಧತಿ ನಿಂತದ್ದೇ 1954ರಲ್ಲಿ. ಕೀಪರ್ ಹಿಂದಿಟ್ಟ ಹೆಲ್ಮೆಟ್‌ಗೆ ಚೆಂಡು ತಾಗಿದರೆ ಐದು ರನ್ ಅಂತ ಬರೆದಿಟ್ಟ ಕ್ರಿಕೆಟ್ಟೇ ವಾಸಿ.

ಈಗ ಮೀಟಿಂಗ್‌ಗೆ ಮುಂಚೆ ಎರಡೂ ಡಗ್‌ಔಟ್ ಮುಂದೆ ನಡೆದು ಬರುತ್ತೇನೆ. ಬ್ಯಾಟ್‌ಗಳು ಬೇಲಿಯ ಒಳಮೈಗೆ, ಬ್ಯಾಗು ಬೆಂಚಿನಡಿಗೆ, ಡೋನಟ್ (ಬ್ಯಾಟಿಗೆ ಹಾಕುವ ತೂಕದ ಬಳೆ) ಮುಂದಿನ ಬ್ಯಾಟರ್ ಕಾಯುವ ಆನ್-ಡೆಕ್‌ನಲ್ಲಿ ಬಿದ್ದಿರಕೂಡದು. ನಾಲ್ಕನೇ ಇನ್ನಿಂಗ್ಸ್ ಹೊತ್ತಿಗೆ ಸುಣ್ಣದ ಗೆರೆ ಅಳಿಸಿರುತ್ತದೆ, ಆಗ ಮತ್ತೊಂದು ಸುತ್ತು. ಬಕೆಟ್ಟಿನ ಮೇಲಂತೂ ಕಣ್ಣಿಟ್ಟೇ ಇರಬೇಕು. ಮುಚ್ಚಳಕ್ಕೆ ಮೆತ್ತೆ ಹೊಲಿಸಿರುತ್ತಾರೆ. ಕೋಚ್ ಅದರ ಮೇಲೆ ಕೂತು ಸಿಗ್ನಲ್ ಕೊಡುತ್ತಾ ಕೊಡುತ್ತಾ ಇನ್ನಿಂಗ್ಸಿಗೆ ಅರ್ಧ ಅಡಿ ಮುಂದಕ್ಕೆ ಸರಿದಿರುತ್ತಾನೆ.