ನಾನಿನ್ನೂ ಹೇಳುತ್ತಲೇ ಇದ್ದೆ

ಮೆನ್ಸ್ ಮೆಡಿಕಲ್ ವಾರ್ಡು. ರೌಂಡ್ಸ್‌ಗೆ ಇನ್ನು ಹತ್ತೇ ನಿಮಿಷ. ಚರ್ಚ್ ಸಭೆಯ ಕೆಲಸದಿಂದ ಆಸ್ಪತ್ರೆ ಸೇವೆಗೆ ಬಂದ ಪ್ರೊಬೇಷನರ್‌ಗೆ, ಅಂದರೆ ತರಬೇತಿಯಲ್ಲಿದ್ದ ಪಾದ್ರಿಗೆ, ಅದು ಮೊದಲ ವಾರ. ರೋಗಿಯ ಹೆಂಡತಿ, "ಅಯ್ಯನೋರೆ, ಒಂದು ಪ್ರಾರ್ಥನೆ ಮಾಡಿ" ಅಂದರು. ಆತ ಪ್ರಾರ್ಥನೆಗಳ ಫೈಲ್ ತೆಗೆದ. ಆ ಫೈಲ್ ಮಾಡಿಕೊಟ್ಟವನು ನಾನೇ: ಆಪರೇಷನ್‌ಗೆ ಮುಂಚೆ, ಆಪರೇಷನ್ ಆದಮೇಲೆ, ಐಸಿಯು, ಹೆರಿಗೆ, ಮರಣಶಯ್ಯೆ, ಒಂದೊಂದಕ್ಕೂ ಒಂದೊಂದು ಬಣ್ಣದ ಟ್ಯಾಬು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಮಾತ್ರ ಟ್ಯಾಬು ಇರಲಿಲ್ಲ.

ಪುಟ ಮಗುಚುವ ಸದ್ದು. ಪಕ್ಕದ ಬೆಡ್ಡಿನವರೂ ತಿರುಗಿ ನೋಡಿದರು. ಆಕೆ ಕಾದರು, ಕಾದು ಕಣ್ಣು ಮುಚ್ಚಿ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ತಾವೇ ಶುರು ಮಾಡಿದರು: "ಸ್ವರ್ಗದಲ್ಲಿರುವ ನಮ್ಮ ತಂದೆಯೇ, ನಿಮ್ಮ ನಾಮ ಪೂಜಿತವಾಗಲಿ…" ಆತ ಗಾಬರಿಯಲ್ಲಿ ತನಗೆ ಬರುವುದನ್ನು ಸೇರಿಸಿದ: "ನಿನ್ನ ನಾಮವು ಪರಿಶುದ್ಧವೆಂದು…" ಇಬ್ಬರೂ ಗಕ್ಕನೆ ನಿಂತರು. ಕ್ಯಾಥೊಲಿಕರು ದೇವರಿಗೆ "ನಿಮ್ಮ" ಅನ್ನುತ್ತಾರೆ, ನಾವು ಪ್ರಾಟೆಸ್ಟೆಂಟರು "ನಿನ್ನ" ಅನ್ನುತ್ತೇವೆ. ಕನ್ನಡದಲ್ಲಿ ಇದು ಸಣ್ಣ ವ್ಯತ್ಯಾಸವೇನೂ ಅಲ್ಲ.

ಹಿಂದೆ ನಿಂತಿದ್ದ ನಾನು ಆಗ ಸುಮ್ಮನಿರಬೇಕಿತ್ತು. ದನಿ ಎತ್ತಿ, ನಮ್ಮ ಪಾಠದಲ್ಲೇ, ಮೊದಲಿನಿಂದ ಹೇಳಿಕೊಂಡು ಹೋದೆ. ಆಕೆಯ ತುಟಿ ಮಾತ್ರ ಅಲ್ಲಾಡುತ್ತಿತ್ತು. ಕೇಡಿನಿಂದ ರಕ್ಷಿಸು ಅನ್ನುವಲ್ಲಿಗೆ ಅವರದು ಮುಗಿಯಿತು, ಆಮೆನ್ ಅಂದು ಕಣ್ಣು ತೆರೆದರು. ನಾನಿನ್ನೂ ನಮ್ಮ ಪಾಠದಲ್ಲಿ ಮಾತ್ರ ಇರುವ ಕೊನೆಯ ಸಾಲು, "ರಾಜ್ಯವೂ ಬಲವೂ ಮಹಿಮೆಯೂ" ಹೇಳುತ್ತಲೇ ಇದ್ದೆ. ಅಷ್ಟರಲ್ಲಿ ರೌಂಡ್ಸ್ ಬಂತು.

ಆತನದೇನೂ ತಪ್ಪಿಲ್ಲ. ಆರು ವಾರದ ತಯಾರಿಯಲ್ಲಿ ನಾನು ಕಲಿಸಿದ್ದು ಫಾರಂ ತುಂಬುವುದು, ಮಾಸ್ಕು, ಕೈ ತೊಳೆಯುವ ಕ್ರಮ, ಯಾವ ವಾರ್ಡಿಗೆ ಎಷ್ಟು ಹೊತ್ತಿಗೆ ಹೋಗಬೇಕು ಅನ್ನುವುದು. ಎಲ್ಲ ಬೇಕಾದದ್ದೇ. ಆದರೆ ಸಂಡೇಸ್ಕೂಲಿನಲ್ಲಿ ಆತನ ಬಾಯಿಗೆ ಬಿದ್ದದ್ದು ಈಗ ಎಷ್ಟು ಉಳಿದಿದೆ ಎಂದು ಒಂದು ದಿನವೂ ಕೇಳಲಿಲ್ಲ. ಪೌಲ ತಿಮೊಥೆಯನಿಗೆ ಬರೆದ ಬೈಬಲ್ಲಿನ ಪತ್ರ, ಎರಡನೇ ತಿಮೊಥೆಯ 1ರ 5 ಮತ್ತು 6ನೇ ವಚನ, ಪಾದ್ರಿಯಾಗಿ ನೇಮಿಸುವ ಪ್ರತಿ ದೀಕ್ಷಾ ಆರಾಧನೆಯಲ್ಲೂ ಓದುತ್ತೇವೆ. ತಿಮೊಥೆಯನ ಅಜ್ಜಿ ಲೋವಿ, ತಾಯಿ ಯೂನೀಕೆಯ ನಂಬಿಕೆ ಮೊದಲು ಬರುತ್ತದೆ, ವರವನ್ನು ಪ್ರಜ್ವಲಿಸುವಂತೆ ಮಾಡು ಅನ್ನುವ ಮಾತು ಅದರ ಬೆನ್ನಿಗೇ ಬರುತ್ತದೆ. ಅಲ್ಲಿರುವ ಗ್ರೀಕ್ ಕ್ರಿಯಾಪದದೊಳಗೇ "ಮತ್ತೆ", "ಜೀವ", "ಬೆಂಕಿ" ಮೂರೂ ಕೂತಿವೆ. ಬೂದಿ ಕೆದಕಿ, ಕೆಂಡ ಊದುವ ಕೆಲಸ. ಹೊಸ ಸೌದೆ ತಂದು ಸುರಿದರೆ ಹೊಗೆಯೇ ಜಾಸ್ತಿ, ನನ್ನ ಫೈಲಿನ ಹಾಗೆ.

ಈಗ ಮೊದಲ ಎರಡು ವಾರ ಹೊಸದೇನೂ ಕೊಡುವುದಿಲ್ಲ. ಮೊದಲ ದಿನ ಫೋನು, ಪುಸ್ತಕ ಹೊರಗಿಟ್ಟು, ನಿಂತುಕೊಂಡು ನಾಲ್ಕು ಹೇಳಿಸುತ್ತೇವೆ: ಕರ್ತನ ಪ್ರಾರ್ಥನೆ, ಬೈಬಲ್ಲಿನ 23ನೇ ಕೀರ್ತನೆ, ನಮ್ಮ ನಂಬಿಕೆಯ ಸಾರ ಹೇಳುವ ವಿಶ್ವಾಸ ಪ್ರಮಾಣ, ಒಂದು ಗೀತೆಯ ಮೂರು ಚರಣ. ಪ್ರೇಯರ್ ಹಾಲ್‌ನಲ್ಲಿ ಹೇಳಿಸಿದರೆ ಉಪಯೋಗವಿಲ್ಲ, ಅಲ್ಲಿ ಎಲ್ಲರಿಗೂ ಬರುತ್ತದೆ. ಓಪಿಡಿ ಕಾರಿಡಾರಿನಲ್ಲಿ, ಟೋಕನ್ ನಂಬರ್ ಕೂಗುತ್ತಿರುವಾಗ ಹೇಳಬೇಕು. 23ನೆಯದು "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎಂದು ಸಲೀಸಾಗಿ ಹೊರಡುತ್ತದೆ. ತಡವರಿಸುವುದು 4ನೇ ವಚನದಲ್ಲಿ. ಅಲ್ಲಿಯವರೆಗೆ ದೇವರು "ಆತನು". ಕಾರ್ಗತ್ತಲಿನ ಕಣಿವೆ ಬಂದೊಡನೆ "ನೀನು" ಆಗುತ್ತಾನೆ. ವ್ಯಾಕರಣ ತಿರುಗುವ ಕಡೆಯೇ ನೆನಪು ಕೈಕೊಡುತ್ತದೆ. ತಪ್ಪಿದಾಗ ಮೊದಲಿನಿಂದ ಶುರು ಮಾಡಿಸಬಾರದು, 3 ಮತ್ತು 4ನ್ನು ಮಾತ್ರ ಜೋಡಿಸಿ ಹತ್ತು ಸಲ ಹೇಳಿಸಬೇಕು. ವಾರ್ಡಿನಲ್ಲೂ ಅದೇ ಜಾಗ ಮುಖ್ಯ: ದೇವರ ಬಗ್ಗೆ ಮಾತಾಡುತ್ತಿದ್ದವನು ದೇವರ ಹತ್ತಿರ ಮಾತಾಡಲು ಶುರು ಮಾಡುವುದು ಅಲ್ಲೇ.

ಅನುವಾದ ಬೆರೆಸಬಾರದು. ಚಿಕ್ಕಂದಿನಲ್ಲಿ ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನ ಹಳೆಯ ಕನ್ನಡದಲ್ಲಿ ಕಲಿತು, ಈಗ ಆ್ಯಪಿನಲ್ಲಿ ಸರಳ ಭಾಷೆಯದು ಓದುವವರಿಗೆ ಎರಡೂ ಅರ್ಧರ್ಧ ಬರುತ್ತದೆ. ಅಧ್ಯಯನಕ್ಕೆ ಯಾವುದಾದರೂ ಆಗಲಿ, ಬಾಯಿಪಾಠಕ್ಕೆ ಮೊದಲು ಕಲಿತದ್ದೇ ಸರಿ.

ದಿನದ ಓದಿಗೆ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದ ಹಳೆಯ ಹಂಚಿಕೆ ಇಟ್ಟುಕೊಂಡಿದ್ದೇವೆ. 150 ಕೀರ್ತನೆ, 30 ದಿನ, ಬೆಳಿಗ್ಗೆ ಒಂದು ಪಾಲು, ಸಂಜೆ ಒಂದು ಪಾಲು. 1662ರ ಪುಸ್ತಕದ್ದು, ಇನ್ನೂ ಕೆಟ್ಟಿಲ್ಲ. ಬಿಟ್ಟುಹೋಗುವುದು ಸಾಮಾನ್ಯವಾಗಿ 15ನೇ ದಿನ ಸಂಜೆ, ಯಾಕೆಂದರೆ ಅವತ್ತಿನ ಪಾಲು 78ನೇ ಕೀರ್ತನೆ, 70 ದಾಟಿದ ವಚನಗಳು, ಡ್ಯೂಟಿ ಮುಗಿಸಿ ಬಂದ ಕಣ್ಣು. ತಮಾಷೆಯೆಂದರೆ ಆ ಕೀರ್ತನೆಯ ವಿಷಯವೇ ಹಿರಿಯರು ತಿಳಿಸಿದ್ದನ್ನು ಮಕ್ಕಳಿಗೆ ಮರೆಮಾಡದೆ ಹೇಳುವುದು. ಅದನ್ನು ಬೇಕಾದರೆ ಎರಡು ಭಾಗ ಮಾಡಿ, ಬಿಡಬೇಡಿ. ಒಂದು ದಿನ ತಪ್ಪಿದರೆ ಹಿಂದಿನ ಬಾಕಿ ತೀರಿಸಲು ಹೋಗಬಾರದು, ಅವತ್ತಿನ ತಾರೀಕಿನದು ಓದಬೇಕು. ಬಾಕಿ ತೀರಿಸಲು ಹೊರಟವರು ಮೂರನೇ ದಿನಕ್ಕೆ ಪುಸ್ತಕ ಮುಚ್ಚುತ್ತಾರೆ. 119ನೆಯದಕ್ಕೆ ಹೆದರಬೇಕಾಗಿಲ್ಲ, 176 ವಚನ ಇದ್ದರೂ 24ರ ಸಂಜೆಯಿಂದ 26ರ ಸಂಜೆವರೆಗೆ ಐದು ಪಾಲಾಗಿ ಹಂಚಿಹೋಗಿದೆ.

ಇನ್ನೊಂದು, ಒಂದು ಪುಟದ ಪಟ್ಟಿ. ಯಾವ ವಚನ, ಯಾವ ಹಾಡು, ಯಾರಿಂದ, ಎಲ್ಲಿ ಕಲಿತದ್ದು: ಅಜ್ಜಿಯ ಸಂಜೆಯ ಕುಟುಂಬ ಪ್ರಾರ್ಥನೆ, ಮೇ ರಜೆಯ ಬೈಬಲ್ ಶಾಲೆ (ವಿಬಿಎಸ್), ಸಭೆಯ ಪೂರ್ಣ ಸದಸ್ಯರಾಗುವ ಮುಂಚಿನ ದೃಢೀಕರಣ ತರಗತಿ. ಸಾಕ್ಷಿ, ಅಂದರೆ ದೇವರು ನನಗೆ ಏನು ಮಾಡಿದ ಅನ್ನುವ ಕಥೆ, ಬರೆಯಬೇಡಿ ಅಂತ ಕಡ್ಡಾಯವಾಗಿ ಹೇಳುತ್ತೇವೆ. ಕನ್ವೆನ್ಷನ್ ವೇದಿಕೆಯಲ್ಲಿ ಹೇಳಿ ಹೇಳಿ ಸಾಕ್ಷಿಯೆಲ್ಲ ಸವೆದ ನಾಣ್ಯವಾಗಿರುತ್ತದೆ, ಅದರಿಂದ ಕೆಂಡ ಸಿಗುವುದಿಲ್ಲ. ದೇವಶಾಸ್ತ್ರದ ಪದವಿ ಬಿ.ಡಿ. ಮಾಡಿ ಬಂದವರಿಗೆ ಈ ಪಟ್ಟಿ ಮಾಡಲು ಸ್ವಲ್ಪ ನಾಚಿಕೆ. ದಶಾಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ ಇಟ್ಟು 1529ರಲ್ಲಿ ಚಿಕ್ಕ ಕ್ಯಾಟೆಕಿಸಂ, ಪ್ರಶ್ನೋತ್ತರದ ಪಾಠಪುಸ್ತಕ, ಬರೆದ ಸುಧಾರಕ ಲೂಥರ್, ಡಾಕ್ಟರ್ ಅನ್ನಿಸಿಕೊಂಡ ಮೇಲೂ ತಾನು ಮಗುವಿನ ಹಾಗೆ ದಿನಾ ಅದನ್ನೇ ಒಪ್ಪಿಸುತ್ತೇನೆ ಎಂದು ಬರೆದುಕೊಂಡಿದ್ದಾನೆ. ನಾಚಿಕೆಯವರಿಗೆ ಅದನ್ನು ಓದಿಸುತ್ತೇವೆ.

ಮೂರನೇ ವಾರದಿಂದ ವಾರ್ಡು. ಫೈಲ್ ಇಲ್ಲ, ಜೇಬಿಗೆ ಒಂದು ಕಾರ್ಡು. ಒಂದು ಬದಿ ನಮ್ಮ ಕರ್ತನ ಪ್ರಾರ್ಥನೆ, ಇನ್ನೊಂದು ಬದಿ ಕ್ಯಾಥೊಲಿಕರದು. ನಿಯಮ ಒಂದೇ: ಶುರು ಮಾಡಿದವರ ಪಾಠದಲ್ಲೇ ಮುಗಿಯಬೇಕು, ಅವರು ಆಮೆನ್ ಅಂದಲ್ಲಿ ನಿಲ್ಲಬೇಕು. ನಮ್ಮ ಕೊನೆಯ ಸಾಲು ಮನಸ್ಸಿನಲ್ಲಿ ಹೇಳಿಕೊಳ್ಳಬಹುದು. ಕಾರ್ಡನ್ನು ಲ್ಯಾಮಿನೇಟ್ ಮಾಡಿಸಿ. ಸ್ಯಾನಿಟೈಸರ್ ಕೈಯಲ್ಲಿ ಹಿಡಿದರೆ ಇಂಕ್‌ಜೆಟ್ ಅಕ್ಷರ ಎರಡೇ ದಿನಕ್ಕೆ ಕಲೆಯಾಗುತ್ತದೆ.

ಮೇಲಿನವರಿಗೆ ಇದೆಲ್ಲ ಒಪ್ಪಿಸುವುದು ಕಷ್ಟ. ಟ್ರಾನ್ಸ್‌ಫರ್ ಲಿಸ್ಟ್ ಬಂದ ಮೇಲೆ ಚಾರ್ಜ್ ತಗೊಳ್ಳಲು ಸಿಗುವುದೇ ಬೆರಳೆಣಿಕೆಯ ದಿನ. ಎರಡು ವಾರ ಬರೀ ಬಾಯಿಪಾಠಕ್ಕೆ ಯಾಕೆ ಎಂದು ಕೇಳುತ್ತಾರೆ. ತಿಂಗಳ ರಿಟರ್ನ್ಸ್‌ನಲ್ಲಿ ಭೇಟಿ ಎಷ್ಟು, ಪ್ರಾರ್ಥನೆ ಎಷ್ಟು, ಕರ್ತನ ಭೋಜನ ಎಷ್ಟು ಅನ್ನುವ ಮೂರೇ ಕಾಲಂ. ಆ ಬೆಳಗಿನದನ್ನೂ ತುಂಬಿ ಕಳಿಸಿದ್ದೇನೆ. ಭೇಟಿ 1, ಪ್ರಾರ್ಥನೆ 1.